ಜರ್ಮನಿಗೆ ಹೊರಟ ಪುಟ್ಟನಿಗೆ: ಆ ಫಾರಂಗೆ ಈಗಲೇ ಸಹಿ ಹಾಕಬೇಡ

ಪುಟ್ಟಾ, ಸ್ಟುಟ್‌ಗಾರ್ಟ್ ಕೆಲಸ ಪಕ್ಕಾ ಆಯಿತು ಅಂತ ನಮ್ಮ ಮನೆಯವರ ಗುಂಪಿನಲ್ಲಿ ಓದಿ ತುಂಬಾ ಖುಷಿಯಾಯಿತು. ಅಣ್ಣ, ಅತ್ತಿಗೆ, ನೀವೂ ಇದನ್ನು ಪೂರ್ತಿ ಓದಿ. ಕೊನೆಯಲ್ಲಿ ನಿಮ್ಮ ವಿಷಯವೂ ಇದೆ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನೀನು ಕೇಳಿದ್ದು ಮೂರು. ಆಫೀಸಿನವರು ಕಳಿಸಿದ ಹೆಲ್ತ್ ಇನ್ಶೂರೆನ್ಸ್ ಫಾರಂನಲ್ಲಿ ಪಬ್ಲಿಕ್ ಅಂತ ಬರೆಯಬೇಕಾ, ಪ್ರೈವೇಟ್ ಅಂತಲಾ? ಬಾಡಿಗೆ ಮನೆಗೂ ಇನ್ಶೂರೆನ್ಸ್ ಬೇಕಾ? ಹೋದ ಕೂಡಲೇ ಕಾರು ತಗೊಂಡರೆ ಏನು ಮಾಡಬೇಕು? ಜೊತೆಗೆ, "ಪ್ರೈವೇಟ್ ತಗೋ, ಅರ್ಧ ದುಡ್ಡಿಗೆ ಸಿಗುತ್ತದೆ" ಅಂತ ನಿನ್ನ ಜೊತೆ ಕೆಲಸ ಮಾಡುವ ಹುಡುಗ ಹೇಳಿದನಂತೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅವನು ಒಬ್ಬಂಟಿ ಅಲ್ವಾ? ನಿನಗೆ ಹೆಂಡತಿ ಇದ್ದಾಳೆ, ನಾಲ್ಕು ವರ್ಷದ ಪಾಪು ಇದೆ. ಲೆಕ್ಕ ಬೇರೆಯಾಗುವುದು ಅಲ್ಲೇ.

ಮೊದಲು ಇಲ್ಲಿನ ವ್ಯವಸ್ಥೆ ಹೇಳುತ್ತೇನೆ. ಹೆಲ್ತ್ ಇನ್ಶೂರೆನ್ಸ್ ಇಲ್ಲದೆ ಜರ್ಮನಿಯಲ್ಲಿ ಇರುವ ಹಾಗೇ ಇಲ್ಲ, ಕಾನೂನು. ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ ಶುರುವಾದ ಏರ್ಪಾಡು ಇದು. ಪಬ್ಲಿಕ್ ಅಂದರೆ ಕ್ರಾಂಕೆನ್‌ಕಾಸೆ ಅನ್ನುವ ಸಾರ್ವಜನಿಕ ವಿಮಾ ಸಂಸ್ಥೆಗಳು. ಟೆಕ್ನಿಕರ್, ಆಓಕೆ, ಬಾರ್ಮರ್, ಹೀಗೆ ಸುಮಾರಿವೆ. ಇವು ಕೊಡುವ ಚಿಕಿತ್ಸೆಯಲ್ಲಿ ಬಹುಪಾಲು ಎಲ್ಲ ಕಡೆ ಒಂದೇ, ಕಾನೂನೇ ಅದನ್ನು ಗೊತ್ತು ಮಾಡಿದೆ. ನಿನ್ನ ಸಂಬಳದ 14.6 ಶೇಕಡಾ, ಅದರ ಮೇಲೆ ಆಯಾ ಕಾಸೆಯವರು ಹಾಕುವ ಸ್ವಲ್ಪ ಹೆಚ್ಚುವರಿ. ಇದರಲ್ಲಿ ಅರ್ಧ ಕಂಪನಿ ಕಟ್ಟುತ್ತದೆ. ಸಂಬಳ ಎಷ್ಟೇ ಇರಲಿ, ಒಂದು ಮಿತಿಯ ಮೇಲಿನ ದುಡ್ಡಿಗೆ ಲೆಕ್ಕ ಹಾಕುವುದಿಲ್ಲ. ನಿನ್ನ ಸಂಬಳ ಆ ಮಿತಿ ದಾಟುತ್ತದೆ. ವಯಸ್ಸಾದಾಗಿನ ಆರೈಕೆಗೆ ಅಂತ ಹಿಡಿಯುವ ಭಾಗವನ್ನೂ ಸೇರಿಸಿದರೆ ನಿನ್ನ ಪಾಲಿನದು ತಿಂಗಳಿಗೆ 600 ಯೂರೋ ಚಿಲ್ಲರೆ ಬರುತ್ತದೆ.

ಜಾಸ್ತಿ ಅನಿಸುತ್ತದೆ, ಗೊತ್ತು. ಆದರೆ ಅದೇ ದುಡ್ಡಿನಲ್ಲಿ ನಿನ್ನ ಹೆಂಡತಿಗೂ ಪಾಪುಗೂ ಇನ್ಶೂರೆನ್ಸ್ ಸೇರಿದೆ. ಅವಳು ಇಲ್ಲಿ ಕೆಲಸಕ್ಕೆ ಸೇರುವವರೆಗೆ, ಅಥವಾ ಮಿನಿಜಾಬ್ ಅನ್ನುವ ಕಡಿಮೆ ಸಂಬಳದ ಸಣ್ಣ ಕೆಲಸ ಮಾಡುತ್ತಿದ್ದರೂ, ಅವಳ ಹೆಸರಿಗೆ ಒಂದು ಯೂರೋ ಕಟ್ಟುವ ಹಾಗಿಲ್ಲ. ನಾಳೆ ಇನ್ನೊಂದು ಮಗು ಆದರೂ ಹಾಗೇ. ಬಸಿರು, ಹೆರಿಗೆ, ಆಮೇಲೆ ಮನೆಗೇ ಬಂದು ಬಾಣಂತಿ ಮತ್ತು ಮಗುವನ್ನು ನೋಡುವ ಹೆಬಾಮ್ಮೆ ಅಂದರೆ ಸೂಲಗಿತ್ತಿ, ಎಲ್ಲ ಅದರಲ್ಲೇ. ಪ್ರೈವೇಟ್‌ನಲ್ಲಿ ಹಾಗಲ್ಲ, ತಲೆಗೊಂದು ಪ್ರೀಮಿಯಂ. ವಯಸ್ಸು ನೋಡುತ್ತಾರೆ, ಹಿಂದಿನ ಕಾಯಿಲೆ ಕೇಳುತ್ತಾರೆ, ಆಮೇಲೆ ರೇಟ್ ಹೇಳುತ್ತಾರೆ. ನಿನ್ನ ಹೆಂಡತಿಗೆ ಥೈರಾಯ್ಡ್ ಇದೆ ಅಲ್ವಾ? ಅದನ್ನು ಬರೆಯಲೇಬೇಕು. ಮುಚ್ಚಿಟ್ಟರೆ ನಾಳೆ ದೊಡ್ಡ ಬಿಲ್ ಬಂದಾಗ ಕೈ ಎತ್ತುತ್ತಾರೆ, ಪಾಲಿಸಿಯನ್ನೇ ರದ್ದು ಮಾಡಬಹುದು.

ಪ್ರೈವೇಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸ್ಪೆಷಲಿಸ್ಟ್ ಡಾಕ್ಟರ ಅಪಾಯಿಂಟ್‌ಮೆಂಟ್ ಅವರಿಗೆ ಬೇಗ ಸಿಗುತ್ತದೆ, ಪಬ್ಲಿಕ್‌ನಲ್ಲಿರುವ ನಮಗೆ ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುವುದಿದೆ. ನನ್ನ ಚಿಂತೆ ಬೇರೆ. ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಹೋಗುವ ಬಾಗಿಲು ನಿನಗೆ ಮುಂದೆಯೂ ತೆರೆದೇ ಇರುತ್ತದೆ. ವಾಪಸ್ ಬರುವ ಬಾಗಿಲು ಮಾತ್ರ ತುಂಬಾ ಕಿರಿದು. ಸಂಬಳ ಒಂದು ಮಟ್ಟದ ಮೇಲಿದ್ದವರು ಮಾತ್ರ ಪ್ರೈವೇಟ್ ಆರಿಸಬಹುದು. 2025ರಲ್ಲಿ ಆ ಮಟ್ಟ ವರ್ಷಕ್ಕೆ 73,800 ಯೂರೋ ಇತ್ತು, 2026ಕ್ಕೆ 77,400 ಆಯಿತು. ಒಮ್ಮೆ ಹೋದರೆ, ಸಂಬಳ ಆ ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ ವಾಪಸ್. 55 ದಾಟಿದ ಮೇಲಂತೂ ಬಹುಪಾಲು ಜನಕ್ಕೆ ಆಗುವುದೇ ಇಲ್ಲ. ಪ್ರೀಮಿಯಂ ವರ್ಷ ಕಳೆದ ಹಾಗೆ ಏರುತ್ತಾ ಹೋಗುತ್ತದೆ, ನಿವೃತ್ತಿಯಾಗಿ ಆದಾಯ ಕಡಿಮೆಯಾದರೂ ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ. ನೀನು ಮಗು ನೋಡಿಕೊಳ್ಳಲು ರಜೆ ಹಾಕಿದರೆ ಆ ತಿಂಗಳುಗಳಲ್ಲಿ ಕಂಪನಿಯ ಪಾಲನ್ನೂ ನೀನೇ ಕಟ್ಟಬೇಕು. ಇನ್ನೂ ಒಂದಿದೆ. ನೀನು ಪ್ರೈವೇಟ್‌ಗೆ ಹೋಗಿ, ಮುಂದೆ ಅವಳು ಕೆಲಸಕ್ಕೆ ಸೇರಿ ಪಬ್ಲಿಕ್‌ನಲ್ಲಿ ಇದ್ದರೂ, ನಿನ್ನ ಸಂಬಳ ಅವಳದಕ್ಕಿಂತ ಜಾಸ್ತಿ ಮತ್ತು ಆ ಮಟ್ಟದ ಮೇಲೆ ಇದ್ದರೆ ಪಾಪುಗೆ ಅವಳ ಕಡೆಯಿಂದ ಪುಕ್ಕಟೆ ಸಿಗುವುದಿಲ್ಲ.

ಅದಕ್ಕೇ ಹೇಳುವುದು, ಪಬ್ಲಿಕ್ ಅಂತ ಬರೆ. ಎರಡು ಮೂರು ವರ್ಷ ಇರು. ಇಲ್ಲೇ ನಿಲ್ಲುತ್ತೀರಾ, ಊರಿಗೆ ವಾಪಸ್ ಹೋಗುತ್ತೀರಾ, ಅವಳಿಗೆ ಕೆಲಸ ಸಿಗುತ್ತದಾ, ಅದೆಲ್ಲ ತಿಳಿಯಾದ ಮೇಲೆ ಬೇಕಿದ್ದರೆ ಯೋಚಿಸು. ಈ ತಿಂಗಳ ಸಂಬಳದ ಚೀಟಿ ನೋಡಿ ಇಪ್ಪತ್ತು ಮೂವತ್ತು ವರ್ಷದ ವಿಷಯ ತೀರ್ಮಾನ ಮಾಡಬೇಡ.

ಪಬ್ಲಿಕ್‌ನಲ್ಲಿ ಏನೇನು ಬರುವುದಿಲ್ಲ ಅಂತಲೂ ಗೊತ್ತಿರಲಿ. ದೊಡ್ಡವರ ಕನ್ನಡಕಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಲ್ಲಿಗೆ ಕ್ಯಾಪ್, ಬ್ರಿಜ್ ಹಾಕಿಸಿದರೆ ಒಂದು ಭಾಗ ಕೊಡುತ್ತಾರೆ, ಉಳಿದದ್ದು ಕೈಯಿಂದ. ಹಾಗಾಗಿ ಹೊರಡುವ ಮುಂಚೆ ಮೈಸೂರಲ್ಲೇ ಮೂವರೂ ಹಲ್ಲು ತೋರಿಸಿಕೊಂಡು ಬನ್ನಿ, ಎರಡೆರಡು ಕನ್ನಡಕ ಮಾಡಿಸಿಕೊಳ್ಳಿ. ಆಸ್ಪತ್ರೆಗೆ ಸೇರಿದರೆ ದಿನಕ್ಕೆ 10 ಯೂರೋ ನೀನು ಕೊಡಬೇಕು, ವರ್ಷಕ್ಕೆ ಹೆಚ್ಚೆಂದರೆ 28 ದಿನ. ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ. ಅಷ್ಟೇ. ಡಾಕ್ಟರ ಹತ್ತಿರ ಕೌಂಟರಲ್ಲಿ ಕಾರ್ಡ್ ಕೊಟ್ಟರೆ ಒಂದು ಸಣ್ಣ ಮೆಷಿನ್‌ಗೆ ಸಿಕ್ಕಿಸಿ ವಾಪಸ್ ಕೊಡುತ್ತಾರೆ. ಬಿಲ್ ಅನ್ನುವುದನ್ನೇ ನೋಡುವುದಿಲ್ಲ.

ಮಧ್ಯೆ ಇನ್ಶೂರೆನ್ಸ್ ಇಲ್ಲದ ಒಂದು ಸಣ್ಣ ಅವಧಿ ಇದೆ, ಬಹಳ ಜನ ನೋಡುವುದಿಲ್ಲ. ನಿನ್ನ ಇನ್ಶೂರೆನ್ಸ್ ಶುರುವಾಗುವುದು ಕೆಲಸಕ್ಕೆ ಸೇರಿದ ದಿನದಿಂದ, ವಿಮಾನ ಇಳಿದ ದಿನದಿಂದ ಅಲ್ಲ. ಮಧ್ಯದ ದಿನಗಳಿಗೆ ಮೂವರಿಗೂ ಬೇರೆ ಪಾಲಿಸಿ ಬೇಕು, ವೀಸಾಗೂ ಅದನ್ನು ಕೇಳುತ್ತಾರೆ. ಮದುವೆ ಸರ್ಟಿಫಿಕೇಟ್, ಪಾಪು ಬರ್ತ್ ಸರ್ಟಿಫಿಕೇಟ್ ಜರ್ಮನ್ ಅನುವಾದದ ಜೊತೆ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸೂಟ್‌ಕೇಸಲ್ಲಿ ಬೇಡ.

ಈಗ ಮನೆ. ಇದರಲ್ಲಿ ಎರಡು ಬೇರೆ ಬೇರೆ. ಒಂದು ಹಾಫ್ಟ್‌ಫ್ಲಿಖ್ಟ್. ನಿನ್ನಿಂದ ಬೇರೆಯವರಿಗೆ ನಷ್ಟವಾದರೆ ಅದು ಕೊಡುತ್ತದೆ. ಇದು ಕಡ್ಡಾಯವಲ್ಲ, ಆದರೆ ನಾನಂತೂ ಬಂದ ವಾರದಲ್ಲೇ ಮಾಡಿಸು ಅನ್ನುತ್ತೇನೆ. ಇಲ್ಲಿನ ಕಾನೂನಿನಲ್ಲಿ ನಿನ್ನ ಅಜಾಗ್ರತೆಯಿಂದ ಯಾರಿಗಾದರೂ ಪೆಟ್ಟಾದರೆ, ಅವರ ಇಡೀ ನಷ್ಟ ನೀನು ಕಟ್ಟಿಕೊಡಬೇಕು, ಇಷ್ಟೇ ಅನ್ನುವ ಮಿತಿ ಇಲ್ಲ. ಸೈಕಲ್‌ನಲ್ಲಿ ಹೋಗುವಾಗ ಯಾರಿಗೋ ಡಿಕ್ಕಿ ಹೊಡೆದು ಅವರು ಕೆಲಸ ಮಾಡಲಾರದ ಹಾಗಾದರೆ ಯೋಚನೆ ಮಾಡು. ಇಡೀ ಮನೆಯವರಿಗೆ ಸೇರಿ ವರ್ಷಕ್ಕೆ ನೂರು ಯೂರೋ ಒಳಗೇ ಒಳ್ಳೆಯದು ಸಿಗುತ್ತದೆ.

ಮಾಡಿಸುವಾಗ ಎರಡು ಕೇಳು. ಮೊದಲನೆಯದು ಬೀಗದ ಕೈ. ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ನಿನ್ನ ಮನೆ ಬಾಗಿಲು, ಕೆಳಗಿನ ಮುಖ್ಯ ಬಾಗಿಲು, ನೆಲಮಾಳಿಗೆ, ಎಷ್ಟೋ ಕಡೆ ಎಲ್ಲಕ್ಕೂ ಒಂದೇ ಕೀ. ನಮ್ಮ ಮೇಲಿನ ಮನೆಯ ಹುಡುಗಿ ಟ್ರಾಮ್‌ನಲ್ಲಿ ಕೀ ಗೊಂಚಲು ಕಳೆದುಕೊಂಡಳು. ಮನೆ ಮಾಲೀಕರು ಇಡೀ ಕಟ್ಟಡದ ಬೀಗ ಬದಲಿಸಿದರು. ಅಷ್ಟೂ ಬಾಗಿಲಿನ ಬಿಲ್ ಅವಳ ಹೆಸರಿಗೆ ಬಂತು, ಸಾವಿರಗಳ ಲೆಕ್ಕ. ಅವಳ ಪಾಲಿಸಿಯಲ್ಲಿ ಬಾಡಿಗೆ ಮನೆಯ ಕೀ ಸೇರಿತ್ತು, ಬಚಾವಾದಳು. ಎರಡನೆಯದು ಪಾಪು. ಏಳು ವರ್ಷದೊಳಗಿನ ಮಕ್ಕಳು ಮಾಡಿದ ನಷ್ಟಕ್ಕೆ ಮಕ್ಕಳು ಕಾನೂನಿನಲ್ಲಿ ಹೊಣೆಯಲ್ಲ, ನೀವು ಸರಿಯಾಗಿ ನೋಡಿಕೊಂಡಿದ್ದರೆ ನೀವೂ ಅಲ್ಲ. ಹಾಗಾಗಿ ಮಾಮೂಲಿ ಪಾಲಿಸಿ ಕೊಡುವುದಿಲ್ಲ. ಆದರೆ ಪಕ್ಕದ ಮನೆಯವರ ಕಾರಿಗೆ ಪಾಪು ಗೀರು ಹಾಕಿದರೆ "ಕಾನೂನಲ್ಲಿ ಇಲ್ಲ" ಅಂತ ಹೇಳಿ ದಿನಾ ಅವರ ಮುಖ ನೋಡಲು ಆಗುತ್ತದಾ? ಸಣ್ಣ ಮಕ್ಕಳನ್ನೂ ಸೇರಿಸಿದ ಪಾಲಿಸಿ ಇದೆ, ಅದನ್ನೇ ತಗೋ.

ಇನ್ನೊಂದು ಹೌಸ್‌ರಾಟ್, ಮನೆಯೊಳಗಿನ ಸಾಮಾನಿಗೆ. ಕಟ್ಟಡದ್ದು ಮಾಲೀಕರ ತಲೆನೋವು. ಮೊದಲ ವರ್ಷ ನಿಮ್ಮ ಮನೆಯಲ್ಲಿ ಹಳೇ ಸೋಫಾ, ಎರಡು ಮಂಚ ಇರುತ್ತದೆ ಅಷ್ಟೇ. ಅವಸರ ಬೇಡ. ಸಾಮಾನು ಕೂಡಿದ ಮೇಲೆ ಮಾಡಿಸು. ಆಗ ಒಂದು ಮಾತು ನೆನಪಿಟ್ಟುಕೋ. ಬೆಂಕಿ ಬಿದ್ದಾಗ ತೀರಾ ಅಜಾಗ್ರತೆ ಅಂತ ಕಂಡರೆ ಕಂಪನಿ ಹಣ ಕಡಿಮೆ ಮಾಡಬಹುದು. ನಾವು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಹಾಗೇ ಬಾಗಿಲು ಹಾಕಿಕೊಂಡು ಹೋಗುತ್ತೇವೆ. ಒಗ್ಗರಣೆಗೆ ಎಣ್ಣೆ ಇಟ್ಟು ಫೋನ್ ಎತ್ತಿಕೊಂಡು ಇನ್ನೊಂದು ರೂಮಿಗೆ ಹೋಗುತ್ತೇವೆ. ಇಲ್ಲಿ ಅದೇ ಆ ಲೆಕ್ಕಕ್ಕೆ ಬರುತ್ತದೆ. ತೀರಾ ಅಜಾಗ್ರತೆ ಆದರೂ ಹಣ ಕಡಿತ ಮಾಡುವುದಿಲ್ಲ ಅಂತ ಬರೆದಿರುವ ಪಾಲಿಸಿಗಳಿವೆ, ಆ ಸಾಲು ಇದೆಯಾ ಅಂತ ಹುಡುಕು. ಪಾಲಿಸಿ ಇದ್ದರೂ ಹೊರಗೆ ಹೊರಡುವಾಗ ದೀಪ ಶಾಂತ ಮಾಡಿಯೇ ಹೋಗಿ, ದೇವರೇನೂ ಕೋಪ ಮಾಡಿಕೊಳ್ಳುವುದಿಲ್ಲ. ಚಿನ್ನಕ್ಕೆ ಬೇರೆ ಮಿತಿ ಇರುತ್ತದೆ, ತಿಜೋರಿಯಲ್ಲಿ ಇಡದಿದ್ದರೆ ಅದು ಇನ್ನೂ ಕಡಿಮೆ. ಅತ್ತಿಗೆ, ಮದುವೆಯ ಒಡವೆ ಎಲ್ಲ ಕಟ್ಟಿ ಕಳಿಸಬೇಡಿ, ಅಲ್ಲೇ ಬ್ಯಾಂಕ್ ಲಾಕರ್‌ನಲ್ಲಿ ಇರಲಿ. ಮನೆ ನೆಲಮಹಡಿಯಲ್ಲಿ ಸಿಕ್ಕಿದರೆ ಅಥವಾ ನೆಲಮಾಳಿಗೆಯಲ್ಲಿ ಸಾಮಾನು ಇಟ್ಟರೆ ಪ್ರವಾಹಕ್ಕೂ ಸೇರಿಸು. ಅದು ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ. 2021ರ ಜುಲೈನಲ್ಲಿ ಪಶ್ಚಿಮ ಜರ್ಮನಿಯ ಆರ್ ನದಿ ಕಣಿವೆಯಲ್ಲಿ ನೀರು ನುಗ್ಗಿದಾಗ ಆ ಭಾಗ ಸೇರಿಸದೇ ಇದ್ದವರು ಎಷ್ಟೋ ಮಂದಿ.

ಕಾರಿಗೆ ನನ್ನ ಉತ್ತರ, ಆರು ತಿಂಗಳು ಬೇಡ. ಸ್ಟುಟ್‌ಗಾರ್ಟ್‌ನಲ್ಲಿ ಎಸ್-ಬಾನ್, ಸ್ಟಾಟ್‌ಬಾನ್ ಅನ್ನುವ ಊರೊಳಗಿನ ರೈಲು ಎಲ್ಲ ಚೆನ್ನಾಗಿದೆ. ತಿಂಗಳಿಗೆ 63 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ದೇಶದ ಯಾವ ಊರಲ್ಲೂ ಬಸ್ಸು, ಲೋಕಲ್ ರೈಲು ಹತ್ತಬಹುದು. ನಿನ್ನ ಕರ್ನಾಟಕದ ಲೈಸೆನ್ಸ್ ಇಲ್ಲಿ ನಡೆಯುವುದು ವಾಸ ಶುರುವಾದ ಮೇಲೆ ಆರು ತಿಂಗಳು. ಆಮೇಲೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಪಾಸಾಗಿ ಜರ್ಮನ್ ಲೈಸೆನ್ಸ್ ತಗೋಬೇಕು. ಥಿಯರಿ ಇಂಗ್ಲಿಷ್‌ನಲ್ಲೂ ಬರೆಯಬಹುದು. ಆರು ತಿಂಗಳ ಮೇಲೆ ಒಂದು ದಿನ ಓಡಿಸಿದರೂ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ, ಅದು ಅಪರಾಧ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಎದುರಿನವರಿಗೆ ಹಣ ಕೊಟ್ಟು ಆಮೇಲೆ ನಿನ್ನ ಹತ್ತಿರ ವಸೂಲಿಗೆ ಬರಬಹುದು. ಹಾಗಾಗಿ ಬಂದ ಕೂಡಲೇ ಡ್ರೈವಿಂಗ್ ಸ್ಕೂಲ್‌ಗೆ ಹೆಸರು ಹಚ್ಚು, ಕಾರು ಆಮೇಲೆ.

ಕಾರು ತಗೊಂಡಾಗ ಮೊದಲು ಇನ್ಶೂರೆನ್ಸ್ ಕಂಪನಿಯಿಂದ ಇನ್ಶೂರೆನ್ಸ್ ಇದೆ ಅಂತ ತೋರಿಸುವ ಈಫಾವ್‌ಬೇ ನಂಬರ್ ಬರಬೇಕು, ಅದಿಲ್ಲದೆ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. ಥರ್ಡ್ ಪಾರ್ಟಿ ಕಡ್ಡಾಯ. ಅದರ ಮೇಲೆ ಟೈಲ್‌ಕಾಸ್ಕೊ ಅಂದರೆ ಕಳ್ಳತನ, ಗಾಜು ಒಡೆಯುವುದು, ಜಿಂಕೆ ಅಡ್ಡ ಬರುವುದು, ಆಲಿಕಲ್ಲು. ಆಲಿಕಲ್ಲು ಅಂತ ಉದಾಸೀನ ಮಾಡಬೇಡ. 2013ರ ಜುಲೈ 28ರಂದು ನಿಮ್ಮ ಸ್ಟುಟ್‌ಗಾರ್ಟ್ ಪಕ್ಕದ ರಾಯ್ಟ್‌ಲಿಂಗೆನ್ ಕಡೆ ಬಿದ್ದ ಆಲಿಕಲ್ಲಿಗೆ ಸಾವಿರಾರು ಕಾರು, ಮನೆ ಚಾವಣಿ ಜಖಂ ಆಗಿದ್ದವು. ನಿನ್ನದೇ ತಪ್ಪಿಗೂ ನಿನ್ನ ಕಾರು ರಿಪೇರಿಯಾಗಬೇಕು ಅಂದರೆ ಫೋಲ್‌ಕಾಸ್ಕೊ. ಹಳೇ ಕಾರಿಗೆ ಅದು ದಂಡ. ಊರಿನ ಕಾರು ಮಾರುವಾಗ ಅಲ್ಲಿನ ಕಂಪನಿಯಿಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯ ಪತ್ರ ಕೇಳಿ ತಗೋ. ಇಲ್ಲಿನವರು ಒಪ್ಪಬೇಕು ಅಂತೇನಿಲ್ಲ, ಆದರೆ ವಾಪಸ್ ಹೋದರೆ ಮೂರು ವರ್ಷದೊಳಗೆ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಅಣ್ಣ, ಈಗ ನಿಮ್ಮದು. ನಿಮ್ಮಿಬ್ಬರ ಹೆಲ್ತ್ ಇನ್ಶೂರೆನ್ಸ್ ಪುಟ್ಟನ ಬೆಂಗಳೂರು ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಇರುವುದಲ್ವಾ? ಅವನು ಕೆಲಸ ಬಿಟ್ಟ ದಿನ ಅದೂ ನಿಲ್ಲುತ್ತದೆ. ಅತ್ತಿಗೆಗೆ ಸಕ್ಕರೆ ಕಾಯಿಲೆ, ನಿಮಗೆ ಬಿಪಿ. ಇಡೀ ವಿಷಯದಲ್ಲಿ ನನಗೆ ನಿದ್ದೆ ಕೆಡಿಸಿರುವುದು ಇದೇ. ಜರ್ಮನಿಯ ಪಬ್ಲಿಕ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನನ್ನು ಸೇರಿಸಲು ಬರುವುದಿಲ್ಲ. ಪುಟ್ಟಾ, ನೋಟಿಸ್ ಪೀರಿಯಡ್ ಮುಗಿಯುವ ಮುಂಚೆಯೇ ಅದೇ ಇನ್ಶೂರೆನ್ಸ್ ಕಂಪನಿಗೆ ಬರೆದು, ಅಪ್ಪ ಅಮ್ಮನನ್ನು ಗ್ರೂಪ್‌ನಿಂದ ಅವರದೇ ಸ್ವಂತ ಪಾಲಿಸಿಗೆ ಮಾಡಿಕೊಡಿ ಅಂತ ಕೇಳು. ಹಾಗೆ ಮಾಡಿದರೆ ಹಳೇ ಕಾಯಿಲೆಗೆ ಇನ್ಶೂರೆನ್ಸ್ ಹಣ ಸಿಗಲು ಕಾಯುವ ಅವಧಿಯಲ್ಲಿ ಇಷ್ಟು ವರ್ಷದ್ದು ಲೆಕ್ಕಕ್ಕೆ ಸಿಗುತ್ತದೆ. ಒಪ್ಪದಿದ್ದರೂ ಹೊಸದು ತಗೊಳ್ಳಿ. 65 ದಾಟಿದವರಿಗೆ ಕೊಡುವುದಿಲ್ಲ ಅನ್ನುವ ಮಿತಿಯನ್ನು 2024ರ ಏಪ್ರಿಲ್‌ನಿಂದ ತೆಗೆದಿದ್ದಾರೆ. ಹಳೇ ಕಾಯಿಲೆಗೆ ಕಾಯುವುದು ಹೆಚ್ಚೆಂದರೆ ಮೂರು ವರ್ಷ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಇಲ್ಲ. ಎಲ್ಲ ಕಾಯಿಲೆ ಪೂರ್ತಿ ಬರೆಯಿರಿ, ಏಜೆಂಟ್ ಬೇಡ ಅಂದರೂ ಬರೆಯಿರಿ.

ಇಲ್ಲಿಗೆ ಮೊಮ್ಮಗುವನ್ನು ನೋಡಲು ಬರುವಾಗ ಷೆಂಗೆನ್ ವೀಸಾಗೆ, ಅಂದರೆ ಕೆಲವು ದಿನದ ಭೇಟಿಯ ವೀಸಾಗೆ, 30,000 ಯೂರೋದ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಅದು ಸಾಮಾನ್ಯವಾಗಿ ಹಳೇ ಕಾಯಿಲೆಗೆ ಕೊಡುವುದಿಲ್ಲ, ಆ ಮಾತು ಟಿಕೆಟ್ ಬುಕ್ ಮಾಡುವಾಗ ಆಡೋಣ.

ಪುಟ್ಟಾ, ಫಾರಂನ ಫೋಟೋ ನನಗೆ ಬೇರೆಯಾಗಿ ಕಳಿಸು, ಗುಂಪಿನಲ್ಲಿ ಹಾಕಬೇಡ, ಸಂಬಳ ಎಲ್ಲ ಇರುತ್ತದೆ. ಭಾನುವಾರ ನಿಮ್ಮ ಸಂಜೆ ಹೊತ್ತಿಗೆ ಫೋನ್ ಮಾಡುತ್ತೇನೆ. ನಿನ್ನ ಹೆಂಡತಿಯೂ ಜೊತೆಗಿರಲಿ, ಅವಳ ಹತ್ತಿರವೂ ಕೇಳುವುದಿದೆ. ಅದಕ್ಕಿಂತ ಮೊದಲು ನಾಳೆಯೇ ಅಪ್ಪ ಅಮ್ಮನ ಪಾಲಿಸಿ ವಿಷಯ ಬೆಂಗಳೂರು ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕು.