ಸಹಾಯ ಬೇಕು: ಹೆಣ್ಣು ಆಕ್ಟೋಪಸ್‌ನ ಪ್ರಭೇದ ಗುರುತಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಕೆಲಸ ಮಾಡ್ತಿದೀನಿ. ಕೇರಳದ ಕಡೆ ಆಳಸಮುದ್ರದ ಸಿಗಡಿ ಬಲೆಗೆ ಬಿದ್ದಿದ್ದ ಒಂದು ಆಕ್ಟೋಪಸ್ ಸಿಕ್ಕಿದೆ. ಮೂರು ವಾರದಿಂದ ಅದರ ಮುಂದೆನೇ ಕೂತಿದೀನಿ, ದಾರಿ ಕಾಣ್ತಿಲ್ಲ.

ಮೈ ಚಪ್ಪಟೆ, ರೊಟ್ಟಿ ತರ. ತೋಳುಗಳ ನಡುವೆ ಪೊರೆ ತುದಿವರೆಗೂ ಹಬ್ಬಿದೆ. ತೋಳಿನಲ್ಲಿ ಅಂಟಿ ಹಿಡಿಯೋ ಹೀರುಬಟ್ಟಲು ಒಂದೇ ಸಾಲು, ಅದರ ಎರಡೂ ಪಕ್ಕದಲ್ಲಿ ಮೃದುವಾದ ಸಣ್ಣ ಎಳೆಗಳು. ಕಣ್ಣಿನ ಹಿಂದೆ ಕಿವಿಯಂಥ ಎರಡು ಪುಟ್ಟ ರೆಕ್ಕೆ. ಶಾಯಿ ಚೀಲ ಇಲ್ಲ. ಹಾಗಾಗಿ ಒಪಿಸ್ತೊಟ್ಯೂತಿಸ್ ಕುಲ (ಹತ್ತಿರದ ಪ್ರಭೇದಗಳ ಗುಂಪು) ಅನ್ನೋವರೆಗೆ ಧೈರ್ಯವಾಗಿ ಬಂದೆ. ನಮ್ಮ ನೈಋತ್ಯ ಕರಾವಳಿಯಿಂದ 1976ರಲ್ಲೇ ಒಪಿಸ್ತೊಟ್ಯೂತಿಸ್ ಫಿಲಿಪಿ ಅನ್ನೋ ಪ್ರಭೇದವನ್ನ ವಿವರಿಸಿದ್ದಾರೆ, ಇದೂ ಅದೇ ಇರಬಹುದು ಅಂತ ಖುಷಿಯಾಗಿತ್ತು.

ಸಿಕ್ಕಿಹಾಕಿಕೊಂಡಿದ್ದು ಇಲ್ಲಿ. ಈ ಕುಲದಲ್ಲಿ ಪ್ರಭೇದ ಬೇರ್ಪಡಿಸೋದು ಹೆಚ್ಚಾಗಿ ಬೆಳೆದ ಗಂಡಿನ ದಪ್ಪ ಹೀರುಬಟ್ಟಲುಗಳಿಂದ: ಯಾವ ತೋಳಲ್ಲಿ, ಎಷ್ಟನೇದು, ಎಷ್ಟು ದೊಡ್ಡದು ಅಂತ. ನನ್ನದರ ಹೊಟ್ಟೆ ಸೀಳಿ ನೋಡಿದ್ರೆ ದೊಡ್ಡವು, ಚಿಕ್ಕವು ಬೆರೆತ ಮೊಟ್ಟೆಗಳು. ಹೆಣ್ಣು! ಬಟ್ಟಲುಗಳಲ್ಲಿ ಎದ್ದು ಕಾಣೋ ದಪ್ಪನೆಯವು ಒಂದೂ ಇಲ್ಲ. ರೆಕ್ಕೆ, ಪೊರೆ ಅಳೆದೆ, ಆದ್ರೆ ಕೆಡದಂತೆ ಇಟ್ಟಿರೋ ಫಾರ್ಮಲಿನ್ ದ್ರಾವಣದಲ್ಲಿ ಮುದುಡಿರೋದ್ರಿಂದ ಆ ಅಳತೆ ನಂಬೋಕೆ ಮನಸ್ಸು ಬರ್ತಿಲ್ಲ. ಅದೇ ಫಾರ್ಮಲಿನ್‌ನಿಂದ ಡಿಎನ್‌ಎ ತೆಗೆಯೋದೂ ಕಷ್ಟ.

ತಿಳಿದವರು ದಯವಿಟ್ಟು ಹೇಳಿ: ಗಂಡು ಇಲ್ಲದೆ, ಹೆಣ್ಣಿನ ಬಟ್ಟಲುಗಳ ಎಣಿಕೆ ಅಥವಾ ಒಳಚಿಪ್ಪಿನ (ಮೈಯೊಳಗಿರೋ ಚಿಪ್ಪಿನ) ಆಕಾರದಿಂದ ಪ್ರಭೇದ ಖಚಿತ ಮಾಡಬಹುದಾ? ಅಥವಾ ಕುಲದ ಹೆಸರು ಮಾತ್ರ ಬರೆದು ನಿಲ್ಲಿಸಬೇಕಾ?