ಸಹಾಯ ಬೇಕು: ವಚನಗಳ ಆಲ್ಬಮ್‌ಗೆ ತಬಲಾ, ಕೊಳಲು ನುಡಿಸುವವರು

ಎಲ್ಲರಿಗೂ ಶರಣು. ದಾವಣಗೆರೆಯಲ್ಲಿ ಸ್ವಂತ ಖರ್ಚಿನಲ್ಲಿ 6 ವಚನಗಳ ಆಲ್ಬಮ್ ಮಾಡುತ್ತಿದ್ದೇವೆ. ಗಂಡು ದನಿ, ಶ್ರುತಿ ಕಪ್ಪು ಒಂದು (C#). ನಾಲ್ಕು ಹಾಡು ಕೆಹರವಾ ತಾಳ (8 ಮಾತ್ರೆ), ಎರಡು ದಾದರಾ ತಾಳ (6 ಮಾತ್ರೆ). ಗಾಯನದ ಟ್ರ್ಯಾಕ್ ಕ್ಲಿಕ್ (ಲಯ ತೋರಿಸುವ ಟಕ್ ಟಕ್ ಸದ್ದು) ಸಮೇತ ಸಿದ್ಧವಿದೆ.

ಹಾರ್ಮೋನಿಯಂ ಮೊದಲೇ ಟ್ಯೂನರ್‌ಗೆ ಹಿಡಿದು A = 440 ಹರ್ಟ್ಸ್‌ಗೆ ಕೂಡಿಸಿದ್ದೇವೆ. ರೀಡು ಹತ್ತು ಸೆಂಟ್ (ಅರ್ಧ ಸ್ವರದ ಹತ್ತನೇ ಒಂದು ಪಾಲು) ಏರಿದ್ದರೂ ಆಮೇಲೆ ಬೇರೆ ಕಡೆ ನುಡಿಸಿದ ಕೊಳಲು ಅದರ ಜೊತೆ ಸರಿಯಾಗಿ ಕೂಡುವುದಿಲ್ಲ. ತಬಲಾದವರು ಪ್ರತಿ ಟೇಕ್‌ಗೂ ಮುಂಚೆ ಶ್ರುತಿ ನೋಡಲೇಬೇಕು. ಮಳೆಗಾಲದ ತೇವಕ್ಕೆ ಚರ್ಮ ಇಳಿಯುತ್ತದೆ.

ಮನೆಯಿಂದಲೇ ಕಳಿಸುವವರು 24 ಬಿಟ್, 48 ಕಿಲೋಹರ್ಟ್ಸ್ ವೇವ್ (WAV) ಫೈಲ್ ಕೊಡಿ. ರಿವರ್ಬ್ (ಕೃತಕ ಅನುರಣನ) ಬೇಡ. ತಬಲಾದ ದಾಯಾ (ಬಲಗೈಯದು), ಬಾಯಾ (ಎಡಗೈಯದು) ಬೇರೆ ಬೇರೆ ಟ್ರ್ಯಾಕ್. ನಿಮ್ಮ ನುಡಿಸಾಣಿಕೆ ಎರಡನೇ ನಿಮಿಷಕ್ಕೆ ಶುರುವಾದರೂ ಫೈಲ್ ಸೊನ್ನೆಯಿಂದಲೇ ಇರಲಿ, ಮೊದಲಿನ ಖಾಲಿ ಜಾಗ ಕತ್ತರಿಸಬೇಡಿ.

ಹಾಡಿಗೆ ₹3,000 ಅಂದುಕೊಂಡಿದ್ದೇವೆ. ಅರ್ಧ ಮುಂಗಡ, ಉಳಿದದ್ದು ಫೈಲ್ ಕೈಸೇರಿದ ದಿನವೇ. ಹುಬ್ಬಳ್ಳಿ-ಧಾರವಾಡದಿಂದ ಬರುವವರಿಗೆ ಪ್ರಯಾಣ, ಊಟ, ವಸತಿ ಬೇರೆ. ನಿಮ್ಮ ತಪ್ಪಿಗೆ ರೀಟೇಕ್ ಉಚಿತ, ನಾವು ಮನಸ್ಸು ಬದಲಿಸಿದರೆ ಅದಕ್ಕೆ ದುಡ್ಡು.

ಕೇಳಬೇಕಾದದ್ದು: ಈ ದರ ನ್ಯಾಯವೇ? ಕಲಾವಿದರಿಗೆ ಕಡಿಮೆಯಾಗಬಾರದು. ಒಪ್ಪಂದದಲ್ಲಿ ಹೆಸರು ನಮೂದಿಸುವುದು, ಸ್ಟ್ರೀಮಿಂಗ್ ಗಳಿಕೆಯ ಪಾಲು ಎರಡನ್ನೂ ಬರೆಯಬೇಕೆಂದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಾದಕರಿಗೂ 50 ವರ್ಷದ ಹಕ್ಕಿದೆ. ಕನ್ನಡದಲ್ಲಿ ಬರೆದ ಒಪ್ಪಂದದ ಮಾದರಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ನುಡಿಸುವ ಅಣ್ಣಂದಿರು, ಅಕ್ಕಂದಿರು ಒಂದು ನಿಮಿಷದ ಆಡಿಯೋ ಕಳಿಸಿದರೆ ಸಾಕು.