ಶಾಸಕರ ಕರಪತ್ರದಲ್ಲಿ ‘ಪರವಾಗಿ ಮತ ಹಾಕಿದ್ದೇನೆ’ ಅಂತಿದೆ. ಇದನ್ನು ಎಲ್ಲಿ ನೋಡುವುದು?

ತೆಂಗಿನತೋಟ:
ಭಾನುವಾರ ಪೇಪರ್ ಒಳಗೆ ನಮ್ಮ ಶಾಸಕರ ಬಣ್ಣದ ಕರಪತ್ರ ಬಂತು. ಮುಂದೆ ಕೈ ಮುಗಿದ ಫೋಟೋ. ಹಿಂದೆ ಮಸೂದೆಗಳ ಪಟ್ಟಿ, ಪ್ರತಿಯೊಂದರ ಎದುರೂ ಹಸಿರು ಟಿಕ್ಕು. ಮೈಕ್ರೋಫೈನಾನ್ಸ್ ಕಿರುಕುಳ ತಡೆಯುವ ಮಸೂದೆ ಇದೆ, ಗ್ರೇಟರ್ ಬೆಂಗಳೂರು ಇದೆ. ಆದರೆ ಅದೇ 2025ರ ಮಾರ್ಚ್‌ನಲ್ಲಿ ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿದ ಮಸೂದೆ ಮಾತ್ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಅದಕ್ಕೆ ಇವರು ಹೂಂ ಅಂದರಾ, ಊಹೂಂ ಅಂದರಾ? ವಿಧಾನಸಭೆ ವೆಬ್‌ಸೈಟ್‌ನಲ್ಲಿ ಒಂದು ಗಂಟೆ ಹುಡುಕಿದೆ, ಹೆಸರುವಾರು ಪಟ್ಟಿ ಸಿಗಲಿಲ್ಲ. ಅಪ್ಪ ಕೇಳಿದರು, ‘ನಮ್ಮ ವೋಟು ಗುಟ್ಟು ಸರಿ, ಅವರದ್ದೂ ಗುಟ್ಟಾ?’

ಹಳೇ ವರದಿಗಾರ:
ಸಿಗಲ್ಲ, ಯಾಕಂದರೆ ಬರೆದಿಟ್ಟಿರುವುದೇ ಇಲ್ಲ. ನಮ್ಮಲ್ಲಿ ಬಹುತೇಕ ಮಸೂದೆಗಳು ಪಾಸಾಗುವುದು ಧ್ವನಿಮತದಲ್ಲಿ. ಸ್ಪೀಕರ್ ಕೇಳುತ್ತಾರೆ, ಒಂದು ಕಡೆಯಿಂದ ‘ಹೌದು’, ಇನ್ನೊಂದು ಕಡೆಯಿಂದ ‘ಇಲ್ಲ’, ಕಿವಿಗೆ ಯಾವುದು ಜೋರಾಗಿ ಕೇಳಿತೋ ಅದು. ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ಊಟದ ನಂತರ ಅರ್ಧ ಕುರ್ಚಿ ಖಾಲಿ, ಇದ್ದವರಲ್ಲಿ ಒಬ್ಬರು ಫೋನ್ ನೋಡುತ್ತಲೇ ‘ಹೌದು’ ಅಂದಿರುತ್ತಾರೆ. ನೀವು ಹೇಳಿದ ಸಂಬಳದ ಮಸೂದೆ ಮಾರ್ಚ್ 21ರಂದು ಗಲಾಟೆಯ ನಡುವೆ ಚರ್ಚೆಯೇ ಇಲ್ಲದೆ ಪಾಸಾಯಿತು. ಸ್ಪೀಕರ್ ಪೀಠದ ಕಡೆ ಕಾಗದ ಹರಿದು ಎಸೆದ ದಿನ ಅದು. ಬಿಜೆಪಿಯ 18 ಶಾಸಕರು ಅವತ್ತೇ ಅಮಾನತಾದರು. ಅಷ್ಟು ಗದ್ದಲದಲ್ಲಿ ಯಾರ ಗಂಟಲು ಯಾವುದಕ್ಕೆ ಅಂತ ಹೇಗೆ ಹೇಳುವುದು?

ತಲೆ ಎಣಿಸುವುದೂ ಉಂಟು. 2019ರ ಜುಲೈ 23ರಂದು ಕುಮಾರಸ್ವಾಮಿ ಅವರ ವಿಶ್ವಾಸಮತಕ್ಕೆ ಸಿಬ್ಬಂದಿ ಸಾಲು ಸಾಲಾಗಿ ಎಣಿಸಿದರು. 99 ಪರ, 105 ವಿರೋಧ, ಸರ್ಕಾರ ಬಿತ್ತು. ಸರ್ಕಾರ ಬೀಳುವಂತಿದ್ದರೆ ಎಣಿಸುತ್ತಾರೆ, ಸಂಬಳ ಏರುವಾಗ ಯಾರು ಎಣಿಸುತ್ತಾರೆ ಹೇಳಿ.

ಮಲೆನಾಡ ಮಳೆ:
ಸಂಸತ್ತಿನಲ್ಲಿ ಸ್ವಲ್ಪ ಪರವಾಗಿಲ್ಲ. ಸಂವಿಧಾನ ತಿದ್ದುಪಡಿ ಅಂದರೆ ಎಣಿಸಲೇಬೇಕು, ಮೂರನೇ ಎರಡರಷ್ಟು ಮತ ಬಂತಾ ಅಂತ ಗೊತ್ತಾಗಬೇಕಲ್ಲ. 2023ರಲ್ಲಿ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454 ಪರ, 2 ವಿರೋಧ. 2025ರ ವಕ್ಫ್ ಮಸೂದೆ ಸಾಮಾನ್ಯ ಮಸೂದೆ, ಆದರೂ ಎಣಿಸಿದರು: 288ಕ್ಕೆ 232. ಆದರೆ 2020ರಲ್ಲಿ ಕೃಷಿ ಮಸೂದೆಗಳಿಗೆ ರಾಜ್ಯಸಭೆಯಲ್ಲಿ ಎಣಿಸಿ ಅಂತ ವಿರೋಧ ಪಕ್ಷದವರು ಕೂಗಿದರೂ ಧ್ವನಿಮತದಲ್ಲೇ ಮುಗಿಸಿದರು.

ಇನ್ನೊಂದು ಮಾತು. ಆ ಟಿಕ್ಕು ನಿಜವಿದ್ದರೂ ಅದರಲ್ಲಿ ಅವರ ಹೆಚ್ಚುಗಾರಿಕೆ ಏನೂ ಇಲ್ಲ. ಪಕ್ಷ ವಿಪ್, ಅಂದರೆ ‘ಹೀಗೇ ಮತ ಹಾಕಬೇಕು’ ಅನ್ನುವ ಆದೇಶ, ಕೊಟ್ಟ ಮೇಲೆ ಅದಕ್ಕೆ ವಿರುದ್ಧ ಮತ ಹಾಕಿದರೆ ಸೀಟೇ ಹೋಗಬಹುದು, 1985ರಿಂದ ಹಾಗೆ ಕಾನೂನಿದೆ.

ತೆಂಗಿನತೋಟ:
ಹಾಗಾದರೆ ಕರಪತ್ರ ಸುಳ್ಳಾ?

ಹಳೇ ವರದಿಗಾರ:
ಸುಳ್ಳು ಅನ್ನಲ್ಲ. ಪುರಾವೆ ಇಲ್ಲ, ಅಷ್ಟೇ. ‘ಹೇಗೆ ಮತ ಹಾಕಿದಿರಿ’ ಅಂತ ಕೇಳಿದರೆ ಜಾರಿಕೊಳ್ಳುತ್ತಾರೆ. ‘ಅವತ್ತು ಸದನದಲ್ಲಿ ಇದ್ದಿರಾ’ ಅಂತ ಕೇಳಿ. ಹಾಜರಿ ಕೇಳಿ ವಿಧಾನಸಭೆ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ಹತ್ತು ರೂಪಾಯಿ. ಒಂದೇ ವಿಷಯ ಕೇಳಿ, ನಮ್ಮ ರಾಜ್ಯದಲ್ಲಿ 150 ಪದ ದಾಟುವಂತಿಲ್ಲ. ಸುಮ್ನೆ ಸಿಟ್ಟೆಲ್ಲ ಅರ್ಜಿಯಲ್ಲಿ ತುಂಬಬೇಡಿ.

ತೆಂಗಿನತೋಟ:
ಬರೆದೆ, 62 ಪದ ಆಯಿತು. ಸಿಟ್ಟು ಇಲ್ಲ. ಜೊತೆಗೆ ಕರಪತ್ರದ ಜೆರಾಕ್ಸ್ ಇಡೋಣ ಅಂತ ಹುಡುಕಿದರೆ, ಅಮ್ಮ ಅದನ್ನು ಮಾಳಿಗೆಯಲ್ಲಿ ಹಾಸಿ ಕರಿಬೇವು ಒಣಗಲು ಹಾಕಿದ್ದಾರೆ. ಕೈ ಮುಗಿದ ಫೋಟೋ ಕೆಳಗೆ, ಟಿಕ್ಕುಗಳು ಮೇಲೆ. ಸಂಜೆ ಎತ್ತಿದ ಮೇಲೆ ಜೆರಾಕ್ಸ್ ಮಾಡಿಸುತ್ತೇನೆ.